ನಾನು ಬರೆದ ಅವಳಿ ಮಕ್ಕಳು

ಗೋವಾದ ಪರ್ವರಿಯ ಆ ಮನೆಗೆ ನಾನು ಹೋದದ್ದು ಅಲ್ಲಿನ ಯಜಮಾನರನ್ನು ನಮ್ಮ ಶಾಲೆಯ ಸಮಾರಂಭಕ್ಕೆ ಕರೆಯಲಿಕ್ಕೆ. ಪ್ರತಿವರ್ಷ ಶಾಲೆ ಶುರುವಾದ ತಿಂಗಳೊಳಗೆ ಅವರು ನಮ್ಮ ಕನ್ನಡ ಶಾಲೆಯ ಮಕ್ಕಳಿಗೆಲ್ಲ ತಲಾ ಆರು ನೋಟ್‌ಬುಕ್ ಹಂಚುತ್ತಿದ್ದರು. ಬೆಳಗಾವಿ ಕಡೆಯವರು, ಪಣಜಿಯಲ್ಲಿ ಆಫೀಸು. ಮೈಕು ಕೈಗೆ ಸಿಕ್ಕರೆ ಕನ್ನಡ ನನ್ನ ಪ್ರಾಣ ಎನ್ನುವ ಪೈಕಿ. ನಾಲ್ಕನೆಯ ಮಹಡಿ ಹತ್ತಿ, ಕೊಡೆಯ ನೀರು ಝಾಡಿಸಿ, ಗಂಟೆ ಒತ್ತಿದೆ. ಬಾಗಿಲು ತೆರೆದವಳ ಸೊಂಟದ ಮೇಲೆ ವರ್ಷ ತುಂಬದ ಒಂದು ದಪ್ಪ ಕೂಸು ಕೂತಿತ್ತು.

"ಬರ್ರಿ ಅಕ್ಕೋರ. ಚಪ್ಪಲಿ ಅಲ್ಲೇ ಹೊರಗ ಬಿಡ್ರಿ," ಅಂದಳು.

ನಮ್ಮ ಶಾಲೆಯ ಹುಡುಗಿ. ಒಂದನೆಯ ಇಯತ್ತೆಯಿಂದ ಏಳನೆಯವರೆಗೆ ನನ್ನ ಕಣ್ಣೆದುರು ಕೂತವಳು. ನಮ್ಮ ಶಾಲೆ ಏಳಕ್ಕೇ ಮುಗಿಯುತ್ತದೆ. ಆಮೇಲೆ ಅವಳೂ ಅವಳ ಅಕ್ಕನೂ ಹೈಸ್ಕೂಲಿಗೆ ಹೋಗಿ ಒಂದು ವರ್ಷವಾಗಿತ್ತು. ಒಂಬತ್ತನೆಯ ಇಯತ್ತೆಯ ಬೆಂಚಿನ ಮೇಲೆ ಇರಬೇಕಾದ ಹೊತ್ತಿನಲ್ಲಿ ಅವಳು ಇಲ್ಲಿ ಇನ್ನೊಬ್ಬರ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಭಾರಕ್ಕೆ ಅವಳ ಸೊಂಟ ಒಂದು ಕಡೆ ವಾಲಿತ್ತು. ಬಲಗೈ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಬೊಬ್ಬೆ ಒಡೆದು ಒಣಗಿದ ಗುರುತು. ಕೂಸಿನ ಹಾಲಿನ ಬಾಟ್ಲಿ ಕುದಿಸುವಾಗ ಆದದ್ದಂತೆ.

ಯಜಮಾನರು ನಗುನಗುತ್ತಾ ಬಂದು ಸೋಫಾ ತೋರಿಸಿದರು. ಅವಳೇ ಚಹಾ ತಂದಳು. ಆ ಚಹಾ ನಾನು ಕುಡಿದೆ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ. ಕಪ್ಪು ಕೆಳಗಿಟ್ಟ ಮೇಲೆ ಮಾತ್ರ ಬಾಯಿ ಬಂತು.

"ಈ ಹುಡುಗಿ ಸಾಲಿ ಬಿಟ್ಟಳೇನ್ರಿ?"

"ಬಿಟ್ಟಿದ್ಲು ಅಕ್ಕೋರ, ಅದಕ್ಕ ಕರಕೊಂಡ್ವಿ. ನಮ್ಮ ಮನಿ ಮಗಳಿದ್ದಂಗ ಅದಾಳ ನೋಡ್ರಿ. ನಾವು ಉಂಡದ್ದ ಉಣ್ತಾಳ."

"ಸಣ್ಣ ಮಕ್ಕಳನ್ನ ಕೆಲಸಕ್ಕಿಟ್ಕೊಂಡ್ರ ಗುನ್ಹೆ ಅದ, ಗೊತ್ತಲ್ರಿ ನಿಮಗ?"

ಅವರಿಗೆ ಬೇಜಾರಾಗಲಿಲ್ಲ. ಈ ಪ್ರಶ್ನೆಗೇ ಕಾದು ಕೂತವರ ಹಾಗೆ ಎದ್ದು ಹೋಗಿ, ಒಳಗಿನಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸೀಲು ಮಾಡಿಸಿದ ಒಂದು ಕಾಗದ ತಂದು ನನ್ನ ತೊಡೆಯ ಮೇಲೆ ಇಟ್ಟರು. ಶಾಲೆ ಬಿಟ್ಟ ದಾಖಲೆಯ ಝೆರಾಕ್ಸು. "ಹದಿನಾಲ್ಕು ತುಂಬ್ಯಾವ್ರಿ. ಜೂನ್ ಒಂದಕ್ಕ ತುಂಬಿದ್ವು. ಮೇ ತಿಂಗಳದಾಗ ಅವರವ್ವ ಕರಕೊಂಡು ಬಂದಿದ್ಲು, ನಾನ ಬ್ಯಾಡ ಅಂದು ವಾಪಸ್ ಕಳಿಸಿದ್ದೆ. ಕಾಯ್ದೆ ಅಂದ್ರ ಕಾಯ್ದೇರಿ."

ಕಾಗದದ ಕೆಳಗೆ ಮುಖ್ಯಾಧ್ಯಾಪಕಿಯ ಸಹಿ ಇತ್ತು. ಆ ಸಹಿ ನನ್ನದು.

ಹುಡುಗಿಗೆ ಹದಿನಾಲ್ಕು ಆಗಿರಲಿಲ್ಲ. ಹನ್ನೆರಡು ಅಷ್ಟೇ. ಅದು ಅವಳ ತಾಯಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು.

ನಮ್ಮ ಕಡೆಯ ಶಾಲೆಗಳ ಪದ್ಧತಿ ಗೊತ್ತಿಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ವಿಜಯಪುರ, ಬಾಗಲಕೋಟೆ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದವರು ಮಕ್ಕಳನ್ನು ಹೆಸರು ಹಚ್ಚಲು ಕರೆತಂದಾಗ ಹುಟ್ಟಿದ ತಾರೀಖು ಕೇಳಿದರೆ ನಗುತ್ತಾರೆ. "ಸೀಗಿ ಹುಣ್ಣಿವಿ ಮುಂದ ಹುಟ್ಟೈತ್ರಿ", "ಆ ದೊಡ್ಡ ಬಿಲ್ಡಿಂಗಿನ ಮೂರನೇ ಸ್ಲ್ಯಾಬ್ ಹಾಕೋ ಮುಂದ ಹುಟ್ಟೈತ್ರಿ" ಎನ್ನುತ್ತಾರೆ. ಶಾಲೆಗೆ ಬೇಕಾದದ್ದು ತಾರೀಖು. ಹಾಗಾಗಿ ನಾವು ಮಾಸ್ತರರು, ಅಕ್ಕೋರು, ಮಗುವಿನ ಮುಖ ನೋಡಿ ವರ್ಷ ಅಂದಾಜು ಮಾಡಿ, ತಾರೀಖಿನ ಜಾಗದಲ್ಲಿ ಜೂನ್ ಒಂದು ಎಂದು ಬರೆಯುತ್ತೇವೆ. ಶಾಲೆ ಶುರುವಾಗುವ ದಿನ, ಲೆಕ್ಕಕ್ಕೆ ಸುಲಭ. ನನ್ನ ಹುಟ್ಟಿದ ದಿನವೂ ಜೂನ್ ಒಂದೇ. ನನ್ನ ಗಂಡನದೂ ಅದೇ. ನಮ್ಮ ಸೀಮೆಯ ಅರ್ಧ ಜನ ಒಂದೇ ದಿನ ಹುಟ್ಟಿ, ಒಂದೇ ದಿನ ನಿವೃತ್ತಿಯಾಗುತ್ತೇವೆ. ಇದನ್ನು ನಾವು ಸುಳ್ಳು ಎಂದು ಯಾವತ್ತೂ ತಿಳಿದಿರಲಿಲ್ಲ. ಮಗುವಿನ ತಲೆಗೆ ಟೊಪ್ಪಿಗೆ ಹಾಕಿದಷ್ಟೇ ಸಹಜವಾಗಿ ಒಂದು ತಾರೀಖು ಹಾಕುತ್ತಿದ್ದೆವು.

ಈ ಹುಡುಗಿಯ ತಾಯಿ ಬಂದದ್ದು ಎಂಟು ವರ್ಷದ ಹಿಂದೆ, ನೇರ ಕೆಲಸದ ಜಾಗದಿಂದ. ತಲೆಯ ಮೇಲಿನ ಸಿಂಬಿ ಇನ್ನೂ ತೆಗೆದಿರಲಿಲ್ಲ, ಕಣ್ಣಿನ ರೆಪ್ಪೆಗೆಲ್ಲ ಸಿಮೆಂಟು. ಗಂಡ ವಾಸ್ಕೋ ಬಂದರಿನಲ್ಲಿ ಹಮಾಲಿ, ತಿಂಗಳಿಗೊಮ್ಮೆ ಬರುವವನು. ಒಂದು ಕೈಯಲ್ಲಿ ಆರು ವರ್ಷದ ದೊಡ್ಡವಳು, ಇನ್ನೊಂದು ಕೈಯಲ್ಲಿ ನಾಲ್ಕು ವರ್ಷದ ಚಿಕ್ಕವಳು. ದೊಡ್ಡವಳ ಹೆಸರು ಬರೆದುಕೊಂಡು, ನಾಳೆಯಿಂದ ಕಳಿಸು ಎಂದೆ. ಅವಳು ಏಳಲಿಲ್ಲ.

"ಇದನ್ನೂ ಬರ್ಕೋರಿ ಅಕ್ಕೋರ. ಇಲ್ಲಂದ್ರ ದೊಡ್ಡಾಕಿ ಇದನ್ನ ಹಿಡ್ಕೊಂಡು ಜೋಪಡ್ಯಾಗ ಕುಂದರಬೇಕಾಕ್ಕೈತಿ. ಆಕೀ ಸಾಲಿನೂ ಹೋತು. ಸೈಟಿಗೆ ಒಯ್ಯೂನಂದ್ರ ನೀರಿನ ಟಾಕಿ ತೆರದ ಬಿಟ್ಟಾರ. ಹ್ವಾದ ವಾರ ಒಂದು ಕೂಸು ಬಿತ್ತು."

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ತಂಗಿ ತಮ್ಮಂದಿರನ್ನು ಎತ್ತಿಕೊಂಡು ಕೂತೇ ಓದು ಕಳೆದುಕೊಂಡ ಹೆಣ್ಣುಮಕ್ಕಳನ್ನು ಬೇಕಾದಷ್ಟು ನೋಡಿದ್ದೆ. ಹತ್ತಿರದಲ್ಲಿ ಬಾಲವಾಡಿ ಇರಲಿಲ್ಲ. ಕಟ್ಟಡ ಕಟ್ಟಿಸುವವನಿಗೆ ಕೂಸುಗಳನ್ನು ನೋಡಿಕೊಳ್ಳಲು ಒಂದು ತಗಡಿನ ಕೋಣೆ ಹಾಕಿಸು ಎಂದು ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವನು ಕೇಳಿರಲಿಲ್ಲ. ನಾನು ಪೆನ್ನು ಎತ್ತಿ ಚಿಕ್ಕವಳ ಹೆಸರೂ ಬರೆದೆ. ಆರು ವರ್ಷ, ಜೂನ್ ಒಂದು. ಅಕ್ಕನ ತಾರೀಖೂ ಅದೇ, ವರ್ಷವೂ ಅದೇ. ಹೀಗೆ ಎರಡು ವರ್ಷ ಅಂತರದ ಅಕ್ಕ ತಂಗಿ ನನ್ನ ರಿಜಿಸ್ಟರಿನಲ್ಲಿ ಅವಳಿ ಮಕ್ಕಳಾದರು. ಅವತ್ತು ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಗಳ ಮುಂದೆ ಅದನ್ನು ಹೇಳಿ ನಕ್ಕಿದ್ದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಹಿಗ್ಗು ಬೇರೆ.

ಆ ಮನೆಯಿಂದ ನಾನು ನೇರ ತಾಯಿಯ ಜೋಪಡಿಗೆ ಹೋದೆ. ಹೋಗುವಾಗ ದಾರಿಯುದ್ದಕ್ಕೂ ಅವಳನ್ನು ಬೈಯಲು ಮಾತು ಜೋಡಿಸುತ್ತಿದ್ದೆ. ಮಗಳನ್ನು ಮಾರಿದೆಯಾ ಎಂದು ಕೇಳುವವಳಿದ್ದೆ. ಅವಳು ಬಾಗಿಲಲ್ಲಿ ಕೂತು ಪಾದದ ಬಿರುಕಿಗೆ ಮೇಣ ತುಂಬುತ್ತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು.

"ಬೈಬ್ಯಾಡ್ರಿ ಅಕ್ಕೋರ," ಅಂದಳು. "ಹೈಸ್ಕೂಲಿನ್ಯಾಗ ಆಕಿಗೆ ಏನೂ ತಿಳೀವಲ್ದಾಗಿತ್ತು. ಪುಸ್ತಕ ಬಚ್ಚಿಟ್ಟು ಅಳತಿದ್ಲು. ಸಾಲಿ ಬಿಟ್ಟ ಹುಡಿಗೀನ ಜೋಪಡ್ಯಾಗ ಒಬ್ಬಾಕಿನ್ನ ಹ್ಯಾಂಗ ಬಿಡ್ಲಿ? ಬಾಜೂಕ ಕುಡುಕ ಮಂದಿ. ಅಲ್ಲಿ ಬಾಗಿಲಕ್ಕ ಕೀಲಿ ಐತಿ, ಮ್ಯಾಲ ಫ್ಯಾನ್ ಐತಿ. ಮತ್ತ, ವಯಸ್ಸು ಆಗೈತಿ ಅಂತ ಕಾಗದ ನೀವ ಕೊಟ್ಟೀರಲ್ಲ."

ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಅವತ್ತು ನನ್ನ ದವಡೆ ನಾನೇ ಕಚ್ಚಿಕೊಂಡು ವಾಪಸ್ಸು ಬಂದೆ.

ಮರುದಿನ ಕಾರ್ಮಿಕರ ವ್ಯವಹಾರ ನೋಡುವ ಅಧಿಕಾರಿಯ ಮುಂದೆ ಕೂತೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟ ಮನುಷ್ಯರಲ್ಲ. ಕೊಂಕಣಿ ಹಿಂದಿ ಬೆರೆಸಿ ಸಮಾಧಾನದಿಂದಲೇ ಮಾತಾಡಿದರು. ಅವರ ಸಮಾಧಾನ ನೋಡಿಯೇ ನನಗೆ ಮೈ ಉರಿಯಿತು. ಹದಿನಾಲ್ಕರ ಒಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡವರಿಗೆ ಜೈಲಿದೆ ಎಂದರು. ಹದಿನಾಲ್ಕು ತುಂಬಿದರೆ ಗಣಿ, ಪಟಾಕಿಯಂಥ ಅಪಾಯದ ಕೆಲಸಕ್ಕೆ ಮಾತ್ರ ಕಳಿಸುವಂತಿಲ್ಲ, ಮನೆಗೆಲಸ ಆ ಪಟ್ಟಿಯಲ್ಲಿಲ್ಲ ಎಂದರು. ಅವಳ ಸುಟ್ಟ ಕೈ ನೋಡಿದ್ದೀರಾ, ಕುದಿಯುವ ನೀರಿಗೆ ನಿಮ್ಮ ಪಟ್ಟಿ ಓದಲು ಬರುತ್ತದಾ ಎಂದು ಕೇಳಿದೆ. ಅವರು ಪೆನ್ನಿನ ಟೊಪ್ಪಿ ತೆಗೆದು ಹಾಕಿದರು.

ಆದರೂ ನನ್ನ ಜೊತೆ ಆ ಮನೆಗೆ ಬಂದರು. ಹುಡುಗಿಯನ್ನು ಎದುರಿಗೆ ನಿಲ್ಲಿಸಿ ವಯಸ್ಸು ಕೇಳಿದರು. ಅವಳು ಒಂದು ಸಲ ನನ್ನ ಕಡೆ ನೋಡಿ, ಕೈ ಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ತಿಂಗಳು, ಇಸವಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಂದ ನಾನೇ ಇದನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಕಳೆದುಹೋದ ಮಗು ಕಡೇ ಪಕ್ಷ ಇಷ್ಟು ಹೇಳಲಿ ಎಂಬ ಆಸೆಯಿಂದ. ತಪ್ಪಿಲ್ಲದೆ ಹೇಳಿದೆನಲ್ಲ ಎಂದು ಅವಳ ಮುಖ ಅರಳಿತು. ಅಧಿಕಾರಿ ಬರೆದುಕೊಂಡರು.

ಹೊರಗೆ ಮೆಟ್ಟಿಲ ಮೇಲೆ ನಾನು ಜಗಳಕ್ಕೇ ನಿಂತೆ. ಕಣ್ಣಿಗೆ ಕಾಣುವುದಿಲ್ಲವಾ, ಅವಳ ಭುಜ ನೋಡಿ, ಹಲ್ಲು ನೋಡಿ, ಅಕ್ಕನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ, ಇವರು ಅವಳಿಗಳಾ ಎಂದೆ. ಡಾಕ್ಟರಿಗೆ ತೋರಿಸಿ ಎಂದೆ. ಕಾಗದ ಇಲ್ಲದಿದ್ದರೆ ಡಾಕ್ಟರಿಗೆ ತೋರಿಸಬಹುದಿತ್ತು, ಶಾಲೆಯ ದಾಖಲೆ ಇರುವಾಗ ಅದನ್ನೇ ನಂಬಬೇಕು ಎಂದರು. ಮಗು ಎದುರಿಗೆ ನಿಂತಿದೆ, ಆದರೂ ಇವರು ನೋಡಬೇಕಾದದ್ದು ಮಗುವನ್ನಲ್ಲ, ಕಾಗದವನ್ನು. ಆ ಕಾಗದವೋ, ಸಿಮೆಂಟು ಮೆತ್ತಿದ ಒಬ್ಬ ಹೆಂಗಸಿನ ಮುಖ ನೋಡಿ ನಾನು ಎರಡು ನಿಮಿಷದಲ್ಲಿ ಗೀಚಿದ್ದು. ಇಂಥ ನೂರಾರು ಕಾಗದಗಳು ನನ್ನ ಕಪಾಟಿನಲ್ಲಿವೆ. ನನ್ನಂಥ ಸಾವಿರ ಅಕ್ಕೋರ ಕಪಾಟುಗಳಲ್ಲಿವೆ. ಕಾಯ್ದೆ ಮಾಡಿದವರಿಗೆ ಇದು ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ. ಹದಿನಾಲ್ಕು ಎಂಬ ಗೆರೆ ಎಳೆದು, ಗೆರೆಯ ಆಚೆ ಕಾಲಿಟ್ಟ ಮಗುವಿಗೆ ನೀನು ದುಡಿಯಬಹುದು ಎಂದು ಬಾಗಿಲು ತೆರೆದಿಟ್ಟವರು ಅವರೇ. ಹದಿನೆಂಟರ ತನಕ ಮತ ಹಾಕಲು ಬುದ್ಧಿ ಸಾಲದಂತೆ, ಇನ್ನೊಬ್ಬರ ಮನೆಯಲ್ಲಿ ದಿನವಿಡೀ ಕೂಸು ಹೊರಲು ಮಾತ್ರ ಸಾಕಂತೆ!

ಆ ರಾತ್ರಿ ನಿದ್ದೆ ಬಂದಿತೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಬೆಳಿಗ್ಗೆ ಅವಳ ಅಕ್ಕ ಹೈಸ್ಕೂಲಿನ ಸಮವಸ್ತ್ರದಲ್ಲೇ ನನ್ನ ಮನೆಗೆ ಬಂದಳು. ಹದಿನಾಲ್ಕರ ಹುಡುಗಿ, ಮಾತು ಕಡಿಮೆ. "ಅಕ್ಕೋರ, ತಂಗಿ ಹುಟ್ಟಿದ್ದು ವಾಳಪೈ ದವಾಖಾನ್ಯಾಗಂತ್ರಿ. ಊರಿಂದ ಬರೋ ಮುಂದ ಘಾಟಿನ್ಯಾಗ ಅವ್ವಗ ಬ್ಯಾನಿ ಸುರು ಆಗಿ, ಅಲ್ಲೇ ಇಳಿಸಿದ್ರಂತ. ಅಲ್ಲಿ ಬರದಿಟ್ಟಿರ್ತಾರಲ್ರಿ?"

ಮೂವತ್ತು ವರ್ಷದ ಅನುಭವದ ನನಗೆ ಹೊಳೆಯದ್ದು ಆ ಹುಡುಗಿಗೆ ಹೊಳೆದಿತ್ತು. ಹೆಸರು ಹಚ್ಚಿಕೊಳ್ಳುವ ದಿನ ತಾಯಿಗೆ ಒಂದೇ ಒಂದು ಪ್ರಶ್ನೆ, ಎಲ್ಲಿ ಹಡೆದೆಯವ್ವಾ ಎಂದು, ನಾನು ಕೇಳಿದ್ದರೆ ಸಾಕಿತ್ತು. ಕೇಳುವ ರೂಢಿಯೇ ನಮಗಿರಲಿಲ್ಲ.

ತಾಯಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಮಗಳು ಹೊರಗೆ ಬಂದರೆ ಹಗಲಿಡೀ ಎಲ್ಲಿರುತ್ತಾಳೆ ಎಂದು ಕೇಳಿದಳು. ಮತ್ತೆ ಎಂಟನೆಯ ಇಯತ್ತೆಗೆ ಕೂಡಿಸುತ್ತೇನೆ, ಸಂಜೆ ನಿನ್ನ ಕೆಲಸ ಮುಗಿಯುವ ತನಕ ನಮ್ಮ ಮನೆಯಲ್ಲಿ ಕೂತು ಓದಲಿ ಎಂದೆ. ಖರೇನ ಏನ್ರಿ ಎಂದು ಅವಳು ಮತ್ತೆ ಮತ್ತೆ ಕೇಳಿದಳು. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ ಹೋಗಿದೆ ಎಂದು ನನಗೆ ಗೊತ್ತಾಯಿತು. ಕೊನೆಗೆ ದೊಡ್ಡವಳು "ನಡೀ ಯವ್ವಾ" ಅಂದಳು. ತಾಯಿ ಎದ್ದು ಸೆರಗು ಕೊಡವಿದಳು.

ವಾಳಪೈಗೆ ಎರಡು ಬಸ್ಸು ಬದಲಿಸಿ ಹೋದೆವು. ದವಾಖಾನೆಯ ಗುಮಾಸ್ತೆ ಹಳೆಯ ಹೆರಿಗೆ ಪುಸ್ತಕಗಳನ್ನು ತಾನೇ ಹೊತ್ತು ತಂದು, ಧೂಳು ಒರೆಸಿ, ಒಂದೊಂದೇ ಹಾಳೆ ತಿರುವಿದಳು. ತಾಯಿಗೆ ತಿಂಗಳು ನೆನಪಿರಲಿಲ್ಲ, ಹೋಳಿ ಮುಗಿದ ವಾರ ಎಂಬುದಷ್ಟೇ ನೆನಪಿತ್ತು. ಮಾರ್ಚಿನ ಹಾಳೆಯಲ್ಲಿ ಸಿಕ್ಕಿತು. ತಾಯಿಯ ಹೆಸರು, ವಿಜಯಪುರದ ಕಡೆಯ ಊರು, ಎರಡನೆಯ ಹೆರಿಗೆ, ಒಂದು ಹೆಣ್ಣು ಕೂಸು. ಇಸವಿ ನನ್ನ ರಿಜಿಸ್ಟರಿಗಿಂತ ಎರಡು ವರ್ಷ ಮುಂದಿತ್ತು. ಓದಲು ಬಾರದ ತಾಯಿ ಆ ಸಾಲಿನ ಮೇಲೆ ಬೆರಳಿಟ್ಟು, "ಇದ ಏನ್ರಿ ನಮ್ಮದು?" ಎಂದು ಎರಡು ಸಲ ಕೇಳಿದಳು.

ಅಧಿಕಾರಿ ಆ ಹಾಳೆಯ ಪ್ರತಿಯನ್ನು ಮುಂದೆ ಇಟ್ಟುಕೊಂಡು ಹಣೆ ತಿಕ್ಕಿದರು. ಕೂಸಿನ ಹೆಸರು ಇದರಲ್ಲಿಲ್ಲ, ಈ ಕೂಸೇ ಆ ಹುಡುಗಿ ಎಂದು ಹೇಗೆ ಹೇಳುವುದು, ಶಾಲೆಯ ದಾಖಲೆ ತಪ್ಪು ಎಂದು ಶಾಲೆಯೇ ಹೇಳಿದರೆ ಮಾತ್ರ ಮುಂದೆ ಹೆಜ್ಜೆ ಇಡಬಹುದು ಎಂದರು. ಆಮೇಲೆ ದನಿ ತಗ್ಗಿಸಿ, ಮೇಡಂ, ನಿಮ್ಮ ನಿವೃತ್ತಿ ಯಾವಾಗ ಎಂದು ಕೇಳಿದರು. ಬರುವ ಮೇ ಕೊನೆಗೆ ಎಂದೆ. ಸುಳ್ಳು ತಾರೀಖು ಬರೆದೆನೆಂದು ಬರೆದುಕೊಟ್ಟರೆ ಇಲಾಖೆ ಸುಮ್ಮನಿರುವುದಿಲ್ಲ, ಪೆನ್ಷನ್ನು ತಡೆದರೂ ತಡೆಯಬಹುದು, ಎರಡು ದಿನ ಯೋಚಿಸಿ ಎಂದರು.

ಯೋಚಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಎರಡು ದಿನವಲ್ಲ, ಐದು ದಿನ ಯೋಚಿಸಿದೆ. ಆ ಐದು ದಿನವೂ ಅವಳು ಬಟ್ಟೆ ಒಗೆಯುವ ಮಶೀನಿನ ಪಕ್ಕದ ಚಾಪೆಯ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಬಾಟ್ಲಿ ಕುದಿಸಿದ್ದಾಳೆ. ನಾನು ಮಾತ್ರ ಮನೆಯಲ್ಲಿ ಕೂತು, ಕಾಯ್ದೆ ಸರಿ ಇಲ್ಲ, ಸರಕಾರ ಸರಿ ಇಲ್ಲ, ನೋಟ್‌ಬುಕ್ಕಿನ ದಾನಶೂರ ಸರಿ ಇಲ್ಲ ಎಂದು ಗಂಡನೆದುರು ಕೂಗಾಡುತ್ತಿದ್ದೆ. ಅವರು ತಡೆಯಲಾರದೆ, "ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ ಆತು ನೋಡು ನಿಂದು. ಬರದು ಕೊಡೂದಿದ್ರ ಕೊಡು, ಇಲ್ಲಾ ಬಾಯಿ ಮುಚ್ಚು," ಅಂದರು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಅವರು ನನಗೆ ಬಾಯಿ ಮುಚ್ಚು ಅಂದದ್ದು ಅದೊಂದೇ ಸಲ. ಆರನೆಯ ದಿನ ಬರೆದುಕೊಟ್ಟೆ. ಮಗುವಿನ ವಯಸ್ಸು ನಾಲ್ಕೆಂದು ನನಗೆ ತಿಳಿದಿತ್ತು, ಆರೆಂದು ಬರೆದೆ, ತಾಯಿ ಬರೆಸಿದ್ದಲ್ಲ, ನಾನೇ ಬರೆದೆ ಎಂದು.

ಅದಾದ ಮೇಲೆ ಅಧಿಕಾರಿ ಹುಡುಗಿಯನ್ನು ಡಾಕ್ಟರಿಗೆ ತೋರಿಸಿದರು. ಹಲ್ಲು, ಮೂಳೆ ನೋಡಿ ಹನ್ನೆರಡರ ಆಸುಪಾಸು ಎಂದು ಡಾಕ್ಟರು ಬರೆದರು. ಮೊದಲ ದಿನವೇ ನಾನು ಇದನ್ನೇ ಅಲ್ಲವೇ ಬೇಡಿದ್ದು? ಒಂದು ಮುಂಜಾನೆಯ ಕೆಲಸಕ್ಕೆ ಏಳು ವಾರ ಹಿಡಿಯಿತು. ಮಗುವಿನ ವಯಸ್ಸಿನ ಬಗ್ಗೆ ಯಾರಾದರೂ ಅನುಮಾನ ಎತ್ತಿದರೆ ಮೊದಲು ಮಗುವನ್ನು ಆ ಮನೆಯಿಂದ ಹೊರಗೆ ತನ್ನಿ, ಕಾಗದದ ಜಗಳ ಆಮೇಲೆ ಆಡಿ ಎಂದು ಕಾಯ್ದೆಯಲ್ಲಿ ಒಂದು ಸಾಲು ಬರೆಯಲು ಯಾರ ಗಂಟು ಹೋಗುತ್ತದೆ?

ದಾನಶೂರರಿಗೆ ಏನೂ ಆಗಲಿಲ್ಲ. ಅವರು ಶಾಲೆಯ ಕಾಗದವನ್ನು ನಂಬಿದ್ದರಂತೆ, ಆದ್ದರಿಂದ ಅವರದು ತಪ್ಪಲ್ಲವಂತೆ. ನಂಬಿದ್ದರೋ ಇಲ್ಲವೋ ನನಗೆ ಗೊತ್ತಿದೆ. ಮೂರು ವರ್ಷದ ಹಿಂದೆ ಇದೇ ಹುಡುಗಿಗೆ ನೋಟ್‌ಬುಕ್ ಕೊಡುವಾಗ, "ಇಷ್ಟು ಸಣ್ಣಾಕಿ ಆರನೇತ್ತಾ?" ಎಂದು ಅವರೇ ಕೆನ್ನೆ ಹಿಂಡಿದ್ದರು. ಅದನ್ನೂ ಅಧಿಕಾರಿಗೆ ಹೇಳಿದೆ. ಅದಕ್ಕೆ ಕಾಗದ ಇರಲಿಲ್ಲ. ಈ ವರ್ಷ ಶಾಲೆಗೆ ನೋಟ್‌ಬುಕ್ ಬರಲಿಲ್ಲ, ಮಕ್ಕಳು ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳನ್ನೇ ಹೊಲಿದುಕೊಂಡು ಬರೆಯುತ್ತಿದ್ದಾರೆ. ನನಗೆ ಮಾತ್ರ ಇಲಾಖೆಯ ನೋಟೀಸು ಬಂದಿದೆ. ಅದು ಬರಬೇಕಾದದ್ದೇ. ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು, ಆ ದಾನಶೂರರು, ಕಾಯ್ದೆ ಮಾಡಿದವರು, ಮೂವರೂ ಸೇರಿ ಮಾಡಿದ ಕೆಲಸಕ್ಕೆ ಒಬ್ಬಳಿಗೇ ನೋಟೀಸು ಬಂದದ್ದರ ಬಗ್ಗೆ ತಕರಾರಿದೆ.

ಅವಳು ಹೊರಗೆ ಬಂದ ದಿನ ಮಳೆ ಜೋರಿತ್ತು. ಮಕ್ಕಳ ಕಲ್ಯಾಣ ಸಮಿತಿಯವರ ಮುಂದೆ ತಾಯಿ ಹೆಬ್ಬೆಟ್ಟು ಒತ್ತಿ ಮಗಳನ್ನು ಕರೆದುಕೊಂಡಳು. ನಾವು ನಾಲ್ವರು ಬಸ್ ಸ್ಟಾಪಿನ ತಗಡಿನ ಕೆಳಗೆ ನಿಂತೆವು. ಹುಡುಗಿಗೆ ಏನಾಯಿತೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ತಾನೇನೋ ತಪ್ಪು ಮಾಡಿದ್ದಕ್ಕೆ ಬಿಡಿಸಿದರು ಎಂದುಕೊಂಡಿದ್ದಳು. ನಾನು ಎಲ್ಲವನ್ನೂ ಹೇಳಿದೆ. ನೀನು ಜೂನಿನಲ್ಲಿ ಹುಟ್ಟಿದವಳಲ್ಲ, ಮಾರ್ಚಿನಲ್ಲಿ. ನಿನಗೆ ಈಗ ಹನ್ನೆರಡು. ಹೆಸರು ಹಚ್ಚಿದ ದಿನ ನಿನಗೆ ನಾಲ್ಕು ವರ್ಷವಿತ್ತು, ನಾನು ಆರೆಂದು ಬರೆದೆ. ತಪ್ಪು ನನ್ನದು ಎಂದೆ.

ಅವಳು ಬೆರಳು ಮಡಚಿ ಎಣಿಸಿದಳು.

"ಹಂಗಾರ ಒಂದನೇತ್ತಾದಾಗ ನಾ ನಾಕ ವರ್ಷದಾಕಿ ಇದ್ನೇನ್ರಿ?"

"ಹೌದವ್ವಾ."

"ಅಕ್ಕಗ ಕಾಗುಣಿತ ಬರ್ತಿತ್ತು, ನನಗ ಬರ್ತಿರಲಿಲ್ಲ. ಮತ್ತ ನನಗ ಯಾಕ ಹೊಡೀತಿದ್ರಿ?"

ಹೊಡೆಯುತ್ತಿದ್ದೆ. ಫೂಟುಪಟ್ಟಿಯಿಂದ, ಬೆರಳ ಗೆಣ್ಣಿನ ಮೇಲೆ. ನಿನ್ನ ಜೊತೆಗೆ ಹುಟ್ಟಿದಾಕಿ ಬರೀತಾಳ, ನಿನಗೇನಾಗೇದ ದಾಡಿ, ದಡ್ಡಿ, ಎನ್ನುತ್ತಿದ್ದೆ. ನಾನು ಬರೆದದ್ದು ಸುಳ್ಳೆಂದು ನನಗೇ ಗೊತ್ತಿತ್ತು. ಆದರೆ ಶಾಲೆ ಶುರುವಾಗಿ ದಸರೆ ಬರುವಷ್ಟರಲ್ಲಿ ನನಗೇ ಅದು ಮರೆತುಹೋಗಿ, ರಿಜಿಸ್ಟರಿನಲ್ಲಿ ಇದ್ದದ್ದನ್ನೇ ನಿಜವೆಂದು ನಂಬಿಕೊಂಡಿದ್ದೆ.

"ಸುಮ್ಕಿರ, ಅಕ್ಕೋರಿಗೆ ಹಂಗ ಕೇಳ್ತಾರೇನು," ಎಂದು ಅಕ್ಕ ಅವಳ ಕೈ ಜಗ್ಗಿದಳು. ಅವಳು ಸುಮ್ಮನಾಗಲಿಲ್ಲ. ಕೈ ಕೊಸರಿಕೊಂಡು ಇನ್ನೊಮ್ಮೆ ಕೇಳಿದಳು, ಈ ಸಲ ಗಟ್ಟಿಯಾಗಿ. ಅವಳ ಸಿಟ್ಟನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸು ಬಂತು. ತಾಯಿ ಹತ್ತಿದಳು, ಅಕ್ಕ ಹತ್ತಿದಳು. ಅವಳು ಮಾತ್ರ ಮಳೆಯಲ್ಲಿ ಕೆಳಗೇ ನಿಂತು, ನಾನು ಏನು ಹೇಳುತ್ತೇನೆಂದು ಕಾಯುತ್ತಿದ್ದಳು.